ಅವನು ಹಾಗಂದನಾ?

ಭಾನುವಾರ
ಬಟ್ಟೆ ಒಣಹಾಕಿ ಬಂದು ಕೂತ ಮೇಲೆ

ನನ್ನ ಪುಟ್ಟ ಮೇಷ್ಟ್ರಿಗೆ, ನಿನ್ನ ವಯಸ್ಸಾದ ಶಿಷ್ಯೆ ಮಾಡುವ ನಮಸ್ಕಾರಗಳು.

ನಿನ್ನೆ ಫೋನಿನಲ್ಲಿ ನಾನು ಪಿಸುಗುಟ್ಟಿದ್ದು ನಿನಗೆ ಕೇಳಿಸಿತೋ ಇಲ್ಲವೋ. ಪಕ್ಕದ ಕೋಣೆಯಲ್ಲೇ ನಿಮ್ಮಪ್ಪ ಇದ್ದರು. ಅದಕ್ಕೇ ಇಲ್ಲಿ ದಪ್ಪಕ್ಷರದಲ್ಲಿ ಬರೆಯುತ್ತಿದ್ದೇನೆ. ನಾನು ನೇರವಾಗಿ ಮೊದಲ ವರ್ಷಕ್ಕೇ ಆಯ್ಕೆಯಾದೆ ಕಣೇ! ಬುನಾದಿ ತರಗತಿ ತಪ್ಪಿತು. ಕಾಲೇಜಿನ ಗೋಡೆಗೆ ಅಂಟಿಸಿದ್ದ ಹಾಳೆಯಲ್ಲಿ ನನ್ನ ನಂಬರ್ ನೋಡಿ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅಲ್ಲಿದ್ದ ಹುಡುಗಿಯೊಬ್ಬಳು, ಪರವಾಗಿಲ್ಲ ಆಂಟಿ, ಮುಂದಿನ ಸಲ ಆಗುತ್ತೆ ಅಂತ ಸಮಾಧಾನ ಮಾಡಿದಳು. ಪಾಪ, ಅವಳಿಗೆ ನಿಜ ಹೇಳಿ ಬೇಜಾರು ಮಾಡುವ ಮನಸ್ಸಾಗಲಿಲ್ಲ.

ನಿನಗೆ ಗೊತ್ತಲ್ಲ, ಆಸ್ಪತ್ರೆಯ ಲಾಂಡ್ರಿಯಲ್ಲಿ ನನಗೆ ಸಂಜೆ ಪಾಳಿ ತಪ್ಪಿಸಿಕೊಟ್ಟಿರುವುದು ಮೂರೇ ವರ್ಷಕ್ಕೆ. ಸಂಜೆ ಕಾಲೇಜಿನ ಕೋರ್ಸೂ ಅಷ್ಟೇ ವರ್ಷದ್ದು. ಓದಿದ್ದು ಅರ್ಥವಾಗುವುದಿಲ್ಲ ಎಂದು ಆ ಪ್ರವೇಶ ಪರೀಕ್ಷೆಯಲ್ಲಿ ತೀರ್ಮಾನವಾಗಿದ್ದರೆ ಒಂದು ವರ್ಷ ಬುನಾದಿಗೇ ಹೋಗುತ್ತಿತ್ತು, ಡಿಗ್ರಿ ಕೈಗೆ ಬರುತ್ತಿರಲಿಲ್ಲ. ಈಗ ಎದೆಯ ಮೇಲಿನ ಒದ್ದೆ ಕಂಬಳಿ ತೆಗೆದಂತಾಗಿದೆ.

ಶುರುವಿನಲ್ಲಿ ನಿನ್ನ ಹತ್ತಿರ ಎಷ್ಟು ಬೈಸಿಕೊಂಡೆ! ಪರೀಕ್ಷೆಯ ಅಭ್ಯಾಸಕ್ಕೆ ನೀನು ಕಳಿಸಿದ ಮೊದಲ ಪಾಠವೇ ಬಟ್ಟೆ ಒಗೆಯುವುದರ ಬಗ್ಗೆ. ರಕ್ತದ ಕಲೆಗೆ ಬಿಸಿನೀರು ಒಳ್ಳೆಯದು ಎಂದು ಪಾಠ ಬರೆದ ಪುಣ್ಯಾತ್ಮ ಹೇಳಿದ್ದ. ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ಯಾರಾದರೂ ಒಪ್ಪುವ ಮಾತೇ ಅದು? ಕೆಳಗಿನ ಪ್ರಶ್ನೆಗೆ ನಾನು ತಣ್ಣೀರು ಎಂದು ಗುರುತು ಹಾಕಿದೆ. ಅಮ್ಮ, ಕಲೆ ಹೋಗೋದು ಬೇಕಿಲ್ಲ, ಮಾರ್ಕ್ಸ್ ಬರೋದು ಬೇಕು, ಅಲ್ಲಿ ಬರೆದಿರೋದನ್ನ ಹೇಳು ಅಂತ ನೀನು ರೇಗಿದೆ. ಎರಡು ದಿನ ನಿನ್ನ ಮೇಲೆ ಮುನಿಸಿಕೊಂಡಿದ್ದೆ. ಅದು ನಿನಗೆ ಗೊತ್ತಾಗಲೂ ಇಲ್ಲ.

ನನ್ನನ್ನು ದಾರಿಗೆ ತಂದವರು ನಿಮ್ಮಜ್ಜಿ. ಅವರಿಗೆ ಸಣ್ಣ ಅಕ್ಷರ ಕಾಣುವುದಿಲ್ಲ, ಕಿವಿ ಮಾತ್ರ ಚುರುಕು. ಕೆಲಸದಿಂದ ಬಂದು ಅಡುಗೆಮನೆಯಲ್ಲಿ ಕೂತು ನಾನು ಗಟ್ಟಿಯಾಗಿ ಓದುವುದು, ಅವರು ಬಟಾಣಿ ಬಿಡಿಸುತ್ತಾ ಕೇಳುವುದು. ಒಂದು ಪಾಠದಲ್ಲಿ ಸಮುದ್ರದ ನಡುವಿನ ದೀಪಸ್ತಂಭದ ಕಾವಲುಗಾರ ಭಾನುವಾರ ಮನೆಗೆ ಹೋಗಲಿಲ್ಲ ಎಂದಿತ್ತು. ಯಾಕೆ ಹೋಗಲಿಲ್ಲ ಎಂಬ ಪ್ರಶ್ನೆಗೆ, ಹೆಂಡತಿ ಜೊತೆ ಜಗಳ ಆಡಿರಬೇಕು ಎಂದೆ. ಅತ್ತೆ ಬಟಾಣಿ ಬಿಡಿಸುವುದನ್ನು ನಿಲ್ಲಿಸಿ, ಅವನು ಹಾಗಂದನಾ, ಇಲ್ಲಾ ನೀನು ಅಂತಿದೀಯಾ ಅಂದರು. ಮತ್ತೆ ಓದಿದೆ. ಸಮುದ್ರ ಉಕ್ಕುತ್ತಿತ್ತು, ದೋಣಿ ಬರಲಿಲ್ಲ ಎಂದು ಸ್ಪಷ್ಟವಾಗಿ ಬರೆದಿತ್ತು. ಪಾಪದವನ ಸಂಸಾರವನ್ನು ನಾನು ಸುಮ್ಮನೆ ಒಡೆದಿದ್ದೆ!

ಆಮೇಲೆ ಪ್ರತಿ ಉತ್ತರಕ್ಕೂ ಅತ್ತೆಯದು ಅದೇ ಪ್ರಶ್ನೆ. ಪರೀಕ್ಷೆಯ ಹಾಲಿನಲ್ಲೂ ಪಕ್ಕದಲ್ಲೇ ಕೂತು ಕೇಳಿದಂತಾಗುತ್ತಿತ್ತು. ಬಾಯಿಗೆ ಬಂದ ಉತ್ತರ ಬಿಟ್ಟು, ಹಿಂದೆ ಹೋಗಿ ಸಾಲು ಹುಡುಕಿ, ಸಿಕ್ಕಿದರೆ ಮಾತ್ರ ಗುರುತು ಹಾಕಿದೆ.

ಇನ್ನು ನಿಮ್ಮಪ್ಪನ ವಿಷಯ. ಕಾಲೇಜಿನ ಮಾತು ಮೊದಲು ಎತ್ತಿದಾಗ ಅವರು, ವಾಪಸ್ ಬರೋ ಹೊತ್ತಿಗೆ ಕತ್ತಲಾಗಿರುತ್ತಲ್ಲ ಎಂದು ತಟ್ಟೆಯ ಕಡೆ ತಿರುಗಿದ್ದರು. ಅಪ್ಪ ಒಪ್ಪಲಿಲ್ಲ ಎಂದು ನಿನಗೆ ಹೇಳಿದೆ. ಅವತ್ತಿನಿಂದ ನೀನು ಅವರ ಹತ್ತಿರ ಸರಿಯಾಗಿ ಮಾತಾಡಿಲ್ಲ. ನಾನೂ ಎಲ್ಲ ಮುಚ್ಚಿಟ್ಟೆ. ಓದುತ್ತಿರುವುದು ಅತ್ತೆಗೆ ಹೊತ್ತು ಹೋಗಲಿ ಅಂತ ಎಂದೆ, ಪರೀಕ್ಷೆಯ ದಿನ ಹೆಚ್ಚುವರಿ ಕೆಲಸವಿದೆ ಎಂದೆ. ಮೊನ್ನೆ ಅತ್ತೆಯ ಮುಂದೆ, ನಿಮ್ಮ ಮಗನಿಗೆ ನಾನು ಓದೋದು ಇಷ್ಟವಿಲ್ಲ ಅಂತ ಗೋಳಾಡಿದೆ. ಅವರು ಏನು ಕೇಳಿರಬಹುದು, ನೀನೇ ಹೇಳು.

ಈ ಕಾಗದ ಅಂಚೆಗೆ ಹಾಕುವ ಮುಂಚೆ ಅವರಿಗೆ ಹೇಳಿಬಿಡುತ್ತೇನೆ. ಅವರು ಬೇಡ ಎಂದರೂ ಹೋಗುವವಳೇ ನಾನು. ಆದರೆ ಬೇಡ ಎನ್ನದಿರಲಿ ಎಂದು ಜೀವ ಹಾತೊರೆಯುತ್ತಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ, ಮೊದಲ ವರ್ಷದ ವಿದ್ಯಾರ್ಥಿನಿ,
ನಿನ್ನ ಅಮ್ಮ

ಮರೆತ ಮಾತು: ಹೇಳಿದೆ. ನಿಮ್ಮಪ್ಪ ಎದ್ದು, ಬಾ ಎಂದು ಕೆಳಗೆ ಕರೆದುಕೊಂಡು ಹೋದರು. ಸ್ಕೂಟರ್ ಶುರು ಮಾಡಿ ಸ್ವಿಚ್ ಒತ್ತಿದರು. ಕೆಟ್ಟು ಎಷ್ಟೋ ಕಾಲವಾಗಿದ್ದ ಹೆಡ್‌ಲೈಟು ಹೊಸದಾಗಿ ಹೊಳೆಯಿತು. ಅದನ್ನು ಹಾಕಿಸಿದ್ದು ಈಗಲ್ಲವಂತೆ, ನಾನು ಮೊದಲು ಮಾತೆತ್ತಿದ ವಾರವೇ. ಕತ್ತಲಾಗುತ್ತೆ ಅಂದಿದ್ದೆ, ಬೇಡ ಅಂದಿದ್ನಾ ಎಂದು ಕೇಳಿದರು. ಗೋಡೆಯಾಚೆಯಿಂದ ನನ್ನ ಪಾಠವೆಲ್ಲ ಕೇಳಿಸಿಕೊಂಡಿದ್ದಾರೆ ಪುಣ್ಯಾತ್ಮ. ಕಾವಲುಗಾರನಿಗೆ ದೋಣಿ ಬರಲಿಲ್ಲ ಎಂಬುದು ಅವರಿಗೆ ನನಗಿಂತ ಮೊದಲೇ ಹೊಳೆದಿತ್ತಂತೆ. ಇನ್ನು ದಿನಾ ಕ್ಲಾಸು ಬಿಟ್ಟ ಮೇಲೆ ನನ್ನನ್ನು ಕರೆತರಲು ಕಾಲೇಜಿನ ಗೇಟಿಗೆ ಅವರೇ ಬರುತ್ತಾರಂತೆ. ಇವತ್ತೇ ಅಪ್ಪನಿಗೆ ಫೋನ್ ಮಾಡು, ಚಿನ್ನ. ಊಟ ಆಯ್ತಾ ಎಂದಷ್ಟೇ ಕೇಳಿ ಸುಮ್ಮನಾಗುತ್ತಾರೆ. ಅದರ ಅರ್ಥ ಏನು ಅಂತ ನನ್ನನ್ನು ಕೇಳಬೇಡ, ಅವರನ್ನೇ ಕೇಳು.