ದಾರಿ ಗೊತ್ತಿರುವ ಕಾಲು

ಮಾರ್ಚ್ ೬

ತಂಗೀ,

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನ ಕೈಯಲ್ಲಿ ಕಾಗದ ಬರೆಸುತ್ತೀಯಲ್ಲ, ನಿನಗೇನು ಹೇಳಲಿ! ಫೋನ್ ಮಾಡಿದರೆ "ಬಾಯಿಮಾತು ಬೇಡ, ಬರೆದು ಕಳಿಸು" ಎಂದು ಇಟ್ಟುಬಿಟ್ಟೆ. ಉಳಿ ಹಿಡಿಯುವ ಕೈ ಇದು, ಪೆನ್ನು ಒತ್ತಿದರೆ ಹಾಳೆ ಹರಿಯುತ್ತದೆ. ಮೂರು ವಾರ ತಡವಾಗಿದ್ದು ಅದಕ್ಕೇ. ತಪ್ಪಾಯಿತು ಅಂದುಕೋ. ನಿನ್ನ ಮಂಡಿನೋವು ಹೇಗಿದೆ? ನಾನು ಊರವರಿಗೆಲ್ಲ ಕಾಲು ಮಾಡಿಕೊಟ್ಟು, ಕುಂಟುತ್ತಾ ಮನೆಗೆ ಹೋಗುತ್ತೇನೆ.

ದಿನಾ ಸಂಜೆ ನಿಮ್ಮ ಬಾಗಿಲಿಗೆ ಬಂದು ನಿಲ್ಲುವ ಹುಡುಗಿ ಯಾರು, ನಾನು ಕಳಿಸಿದ್ದಾ ಎಂದು ನೀನು ಕೇಳಿದ್ದೆ. ನಾನು ಕಳಿಸಿಲ್ಲ. ಅವಳು ಬೇಕರಿಯವನ ಮಗಳು. ಒಂಬತ್ತು ವರ್ಷ. ಮಂಡಿಯಿಂದ ಕೆಳಗಿನ ಬಲಗಾಲು ನಾನು ಮಾಡಿದ್ದು.

ಸೋಮವಾರ ಅವಳ ತಾಯಿ ಅವಳನ್ನು ಎಳೆದುಕೊಂಡು ವರ್ಕ್‌ಶಾಪಿಗೆ ಜಗಳಕ್ಕೇ ಬಂದಳು.

"ಏನ್ ಮೇಸ್ತ್ರಿ, ಕಾಲು ಕೊಟ್ರೋ ಕುದುರೆ ಕೊಟ್ರೋ? ಸ್ಕೂಲ್ ಬಿಟ್ರೆ ಸೀದಾ ಮನೆಗೆ ಬರೋದೇ ಇಲ್ಲ ಇವಳು!"

"ಮಗಳಿಗೆ ಬುದ್ಧಿ ಹೇಳೋದೂ ನನ್ನ ಕೆಲಸಾನಾ?" ಎಂದೆ.

ಬೆಂಚಿನ ಮೇಲಿದ್ದ ಹುಡುಗಿ ತಲೆ ಎತ್ತಿದಳು. "ನಾನು ಹೋಗಲ್ಲ ಅಜ್ಜ. ಇದು ಹೋಗತ್ತೆ. ನಾನು ಮನೆ ಕಡೆ ತಿರುಗಿದ್ರೆ ಇದು ಆ ಕಡೆ ತಿರುಗತ್ತೆ."

"ಹೋಗಿ ಏನ್ ಮಾಡ್ತೀಯ?"

"ನಿಂತ್ಕೋತೀನಿ. ಒಬ್ರು ಬಾಗಿಲು ತೆಗೀತಾರೆ. ಆಮೇಲೆ ಇದು ಸುಮ್ನಾಗತ್ತೆ."

ನಕ್ಕುಬಿಟ್ಟೆ. ಆಮೇಲೆ ಕಾಲು ಬಿಚ್ಚಿಸಿ ಬೆಂಚಿನ ಮೇಲಿಟ್ಟುಕೊಂಡೆ. ಪಟ್ಟಿ, ಕೀಲು, ತಿರುಪು ಎಲ್ಲ ಬಿಚ್ಚಿ ನೋಡಿದೆ. ಒಂದು ದೋಷವಿಲ್ಲ. ಮರುದಿನ ಶಾಲೆಯ ಹತ್ತಿರ ಕಾದು, ಕಣ್ಣು ಮುಚ್ಚಿಕೊಂಡು ನಡಿ ಎಂದೆ. ನಡೆದಳು. ಪ್ರೆಸ್ಸಿನ ಮೂಲೆಯಲ್ಲಿ ತಿರುಗಿದಳು, ನಿಮ್ಮ ಬೀದಿಗೆ ಬಂದಳು. ಮೆಟ್ಟಿಲು ಹತ್ತುವಾಗ ಅಲುಗಾಡುವ ಮೂರನೆಯದನ್ನು ಬಿಟ್ಟು ನಾಲ್ಕನೆಯದಕ್ಕೇ ಕಾಲಿಟ್ಟಳು, ಥೇಟ್ ನಿನ್ನ ಮಗಳು ಗುಬ್ಬಿ ಇಡುತ್ತಿದ್ದ ಹಾಗೆ. ಗುಬ್ಬಿ ತೀರಿಕೊಂಡು ವರ್ಷವಾಯಿತು. ಈ ಹುಡುಗಿಗೆ ಆ ಮೆಟ್ಟಿಲು ತೋರಿಸಿದವರು ಯಾರು? ನೀನು ಬಾಗಿಲು ತೆರೆದೆ. ಅವಳ ಮುಖ ನೋಡಲಿಲ್ಲ, ಕಾಲನ್ನೇ ನೋಡಿದೆ. ನಾನು ಎದುರು ಅಂಗಡಿಯ ಮರೆಯಲ್ಲಿದ್ದೆ. ಮಾತಾಡಿಸಲು ಧೈರ್ಯ ಬರಲಿಲ್ಲ.

ಮೂವತ್ತೆಂಟು ವರ್ಷದ ಸೇವೆ ಅನ್ನುತ್ತಾರೆ ಜನ. ಎಷ್ಟೋ ಜನ ಎದ್ದು ನಡೆದರು, ನಿಜ. ಆದರೆ ಊರಿಗೆ ಬೇಕಾದವನಾಗುವ ಚಪಲ ಹತ್ತಿದರೆ ಮನೆಯವರ ಸರದಿ ಯಾವಾಗಲೂ ಕೊನೆಗೇ. ಇದು ತಿಳಿಯಲು ಇಷ್ಟು ವಯಸ್ಸಾಗಬೇಕಾಯಿತು.

ನಿನಗೂ ಯಜಮಾನರಿಗೂ ಒಳ್ಳೆಯದಾಗಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಣ್ಣ

ಮತ್ತೆ: ಮೇಲಿನದನ್ನು ಓದಿಕೊಂಡೆ. ಹೇಳಬೇಕಾದದ್ದನ್ನೇ ಬರೆದಿಲ್ಲ.

ಬಣ್ಣ ಹಚ್ಚುವ ಮೊದಲು ಹದಿನೈದು ದಿನ ಕಾಲನ್ನು ಹಾಕಿಸಿ ಮನೆಗೆ ಕಳಿಸುತ್ತೇವೆ, ಆಮೇಲೆ ವಾಪಸ್ ತರಿಸಿ ಮುಗಿಸುತ್ತೇವೆ. ಗುಬ್ಬಿಯೂ ಹಾಗೆ ಹದಿನೈದು ದಿನ ನಿಮ್ಮ ಮೆಟ್ಟಿಲು ಹತ್ತಿ ಇಳಿದಿದ್ದಳು. ವಾಪಸ್ ತರಿಸಿದ ಮೇಲೆ, ಕಾಲು ಬಿರುಕು ಬಿಟ್ಟಿದೆ, ಹೊಸದಾಗುವ ತನಕ ಊರುಗೋಲಿರಲಿ ಎಂದೆನಲ್ಲ, ಅದು ಸುಳ್ಳು. ವರ್ಕ್‌ಶಾಪಿನ ಸಮಾರಂಭಕ್ಕೆ ದೊಡ್ಡ ಅಧಿಕಾರಿ ಬರುವವರಿದ್ದರು, ವೇದಿಕೆಯ ಮೇಲೆ ಒಂದು ಮಗು ನಡೆಯಬೇಕಿತ್ತು. ಸೋದರ ಸೊಸೆಯನ್ನೇ ಹತ್ತಿಸಿದರೆ ಜನ ಆಡಿಕೊಳ್ಳುತ್ತಾರೆ ಎಂದುಕೊಂಡೆ. ಬೇಕರಿಯವನ ಮಗಳ ಕಾಲು ಇನ್ನೂ ಆಗಿರಲಿಲ್ಲ. ಅಳತೆ ಒಂದೇ. ನಮ್ಮವಳು ತಾನೆ, ಕಾಯುತ್ತಾಳೆ ಎಂದು ಗುಬ್ಬಿಯದನ್ನೇ ಅವಳಿಗೆ ಕಟ್ಟಿದೆ. ಚಪ್ಪಾಳೆ ಬಿತ್ತು. ಒಂಬತ್ತನೇ ದಿನಕ್ಕೆ ಊರುಗೋಲು ಜಾರಿ ಗುಬ್ಬಿ ಬಿದ್ದಳು, ಮತ್ತೆ ಏಳಲಿಲ್ಲ.

ಈಗ ಆ ಹುಡುಗಿ ಬೆಳೆದಿದ್ದಾಳೆ, ಈ ತಿಂಗಳ ಇಪ್ಪತ್ತನೇ ತಾರೀಖಿಗೆ ಅವಳಿಗೆ ಬೇರೆ ಕಾಲು. ಹಳೆಯದನ್ನು ಬಿಚ್ಚಿ ಬಿಡಿಭಾಗ ಇನ್ನೊಬ್ಬರಿಗೆ ಹಾಕುವುದು ನಮ್ಮ ರೂಢಿ. ಬಿಚ್ಚಲೋ, ನಿನಗೆ ತಂದುಕೊಡಲೋ? ಬೈಯುವುದಿದ್ದರೆ ಬೈದೇ ಬರೆ. ಹದಿನೆಂಟರೊಳಗೆ ಉತ್ತರ ಬರಬೇಕು.