ತೂಕದ ಪೆಟ್ಟಿಗೆಯಲ್ಲಿ ಬೆಳೆದ ಮಗು

ಆಸ್ಪತ್ರೆಯ ಗಣಕ ವಿಭಾಗದ ಮುಖ್ಯಸ್ಥರೇ,

ನಾಲ್ಕು ತಿಂಗಳು ಹಗಲಿರುಳು ಹಾಲೂಡಿಸಿಯೂ ನನ್ನಿಂದಾಗದ್ದನ್ನು ನಿಮ್ಮ ವೆಬ್ ಫಾರಂ ಅರೆಕ್ಷಣದಲ್ಲಿ ಮಾಡಿ ಮುಗಿಸಿತು: ನನ್ನ ಮಗಳ ತೂಕ ಮೂರು ಕಿಲೋ ಏರಿತು. ಧನ್ಯವಾದ ಹೇಳುವ ಮೊದಲು ನಡೆದದ್ದು ಕೇಳಿ.

ಮೊನ್ನೆ ಕೆಮ್ಮೆಂದು ಕರೆತಂದಾಗ ತಕ್ಕಡಿ ತೋರಿಸಿದ್ದು 5.4. ತೂಕ ನೋಡಿ ಔಷಧಿಯ ಅಳತೆ ಹೇಳುವುದು ನಿಮ್ಮ ಗಣಕವೇ ಅಲ್ಲವೇ? ಔಷಧಿ ಕೌಂಟರಿನ ಹಿರಿಯರು ಚೀಟಿ ಓದಿ ತಲೆಯೆತ್ತಿದರು.

"ಎಂಟೂ ಚಿಲ್ಲರೆ ಕಿಲೋದ ಮಗು ಎಲ್ಲಮ್ಮ?"

"ಇದೇ ಸರ್."

"ಇದಾ? ನಮ್ಮನೆ ಬೆಕ್ಕು ಇದಕ್ಕಿಂತ ದಪ್ಪ ಇದೆ. ಹೋಗಿ, ಮತ್ತೆ ಬರೆಸ್ಕೊಂಡು ಬನ್ನಿ."

ತಪ್ಪು ಬರೆದೆನೆಂದು ತೂಕ ಬರೆದ ಸಿಸ್ಟರ್ ಒಪ್ಪಲಿಲ್ಲ. "ನಿಮ್ಮ ಕಣ್ಣೆದುರೇ ಹಾಕ್ತೀನಿ, ನೋಡಿ" ಎಂದು ಪರದೆಯ ಮೇಲಿನ ತೂಕದ ಪೆಟ್ಟಿಗೆಯಲ್ಲಿ 5.4 ಒತ್ತಿದರು. ಮೇಲಿರುವ ಹೆಸರು ಸರಿಯಿದೆಯೇ ನೋಡಲು ಮೌಸಿನ ಚಕ್ರ ತಿರುಗಿಸಿದರು. ಪುಟ ಅಲುಗಲಿಲ್ಲ, ಅಂಕಿ ಅಲುಗಿತು. 6.4. 7.4. 8.4.

"ಅಯ್ಯೋ! ದಿನಾ ಹೆಸರು ನೋಡಿಯೇ ಕಳಿಸ್ತೀನಲ್ರೀ ನಾನು..." ಎಂದವರ ಮುಖ ಬಿಳುಚಿತು.

ಜಾಗರೂಕತೆಯಿಂದ ಹೆಸರು ನೋಡುವವರ ಕೈಯಲ್ಲೇ ತಪ್ಪು ಮಾಡಿಸುವ ಈ ಪೆಟ್ಟಿಗೆಯನ್ನು ಯಾವ ಮಹಾನುಭಾವರು ರಚಿಸಿದರು? ಬಸ್ಸಿನ ಟಿಕೆಟ್ ಎರಡೋ ಮೂರೋ ಎಂದು ಏರಿಸಿ ಇಳಿಸಲು ಅದು ಅನುಕೂಲವಿರಬಹುದು. ಕೂಸಿನ ತೂಕವನ್ನು ಹಾಗೆ ಏರಿಸಿ ಇಳಿಸುವ ಅಗತ್ಯ ಯಾರಿಗೆ ಬಿದ್ದಿತ್ತು? ಅಕ್ಷರ ಒತ್ತಿದರೆ ಬಿಲ್ಕುಲ್ ಒಪ್ಪದ ಅದು, ಒಂದೇ ಉಸಿರಿನಲ್ಲಿ ಮೂರು ಕಿಲೋ ಏರಿದರೂ "ನಿಜವೇ?" ಎಂದು ಒಮ್ಮೆಯೂ ಕೇಳದು.

ಫೋನಿನಲ್ಲಿ ನಿಮ್ಮ ಕಚೇರಿಯವರು, "ಚಕ್ರ ಮುಟ್ಟಬೇಡಿ ಅಂತ ಎಲ್ಲರಿಗೂ ಹೇಳಿದೀವಿ ಮೇಡಂ" ಎಂದರು. ದೂರಿನ ಫಾರಂ ತುಂಬಲು ಹೋದೆ. ಮಗುವಿನ ವಯಸ್ಸು ಸೊನ್ನೆ ವರ್ಷ ಎಂದರೆ ಅದು ಒಪ್ಪಲಿಲ್ಲ, ಕನಿಷ್ಠ ಒಂದು ಬೇಕಂತೆ. ಒಂದು ಎಂದು ಸುಳ್ಳು ಬರೆದೆ. ಉತ್ತರವಿಲ್ಲ. ಅದಕ್ಕೇ ಈ ಬಹಿರಂಗ ಪತ್ರ.

ನನ್ನ ನಿದ್ದೆ ಕೆಡಿಸಿರುವುದು ಮೊನ್ನೆಯ ಚೀಟಿಯಲ್ಲ, ಅದರ ತಪ್ಪು ಹೇಗೂ ಸಿಕ್ಕಿಬಿತ್ತಲ್ಲ. ಹದಿನೈದು ದಿನದ ಹಿಂದೆ ಇದೇ ಮೇಜಿನಲ್ಲಿ ನೆಗಡಿಗೆ ಬರೆಸಿದ ಚೀಟಿ. ಆ ದಿನ ಕೌಂಟರಿನಲ್ಲಿ ಹಿರಿಯರಿರಲಿಲ್ಲ. ಐದು ದಿನ, ದಿನಕ್ಕೆ ಮೂರು ಸಲ, ಒಂದು ಹನಿಯೂ ಚೆಲ್ಲದಂತೆ ನಾನೇ ಕುಡಿಸಿದೆ. ಮಗಳು ಎಬ್ಬಿಸಿದರೂ ಏಳದೆ ಮಲಗುತ್ತಿದ್ದಳು. "ಎಂಥಾ ಒಳ್ಳೇ ಔಷಧಿ ಕಣೇ, ನೀನೂ ಸ್ವಲ್ಪ ಮಲಕ್ಕೋ" ಎಂದರು ಅತ್ತೆ. ನಾನೂ ಮಲಗಿದೆ. ಚೀಟಿ ಎಸೆದಾಗಿದೆ. ಈಗ ಅವಳು ಮಲಗಿದಾಗಲೆಲ್ಲ ಮೂಗಿನ ಬಳಿ ಬೆರಳಿಟ್ಟು ನೋಡುತ್ತೇನೆ.

ಆ ಪೆಟ್ಟಿಗೆಯನ್ನು ಇಂದೇ ತೆಗೆಸಿ, ಚಕ್ರಕ್ಕೆ ಬಗ್ಗದ ಸಾದಾ ಪೆಟ್ಟಿಗೆ ಇಡಿಸಿ. ಹಳೆಯ ದಾಖಲೆ ತೆರೆದು, ತೂಕ ಒಮ್ಮೆಲೇ ಜಿಗಿದ ಪ್ರತಿ ಮಗುವಿನ ಮನೆಗೂ ಫೋನ್ ಮಾಡಿಸಿ. ಮೊದಲ ಫೋನ್ ನನಗೆ. ನೆಗಡಿಗೆ ಬಂದ ಆ ದಿನ ನನ್ನ ಮಗಳು ಎಷ್ಟು ಕಿಲೋ ಇದ್ದಳೆಂದು ಬರೆದಿದೆ, ಹೇಳಿ.

ಇಂತಿ, ಫೋನ್ ಕೈಯಲ್ಲೇ ಹಿಡಿದು ಕೂತಿರುವ,
ನಿಮ್ಮ ಫಾರಂ ಪ್ರಕಾರ ಒಂದು ವರ್ಷದ ಮಗುವಿನ ತಾಯಿ