ಮೂವತ್ತಾರು ಕಂತಿನ ಫೋನು

೧೬ ಅಕ್ಟೋಬರ್ ೨೦೨೫, ಗುರುವಾರ

ಈರೇಶ್ ಅವರಿಗೆ,

ಮದುವೆಯ ದಿನ ಒಡಪಿನಲ್ಲಿ ಹೇಳಿದ್ದು ಬಿಟ್ಟರೆ ನಿಮ್ಮ ಹೆಸರು ನನ್ನ ಬಾಯಲ್ಲಿ ಬಂದದ್ದಿಲ್ಲ. ಈಗ ಹೆಸರು ಹಿಡಿದೇ ಬರೆಯುತ್ತಿದ್ದೇನೆ. ಸಿಟ್ಟು ಬಂದರೆ ಬರಲಿ, ನನ್ನದು ಅದರ ಹತ್ತು ಪಟ್ಟು ಇದೆ.

ಮೊನ್ನೆ ಸೋಮವಾರ ಸಂಜೆ ನಿಮ್ಮ ಮೆಸೇಜ್ ಬಂತು: “ನೀ ಗುಡಿಗೆ ಹೋಗಿದ್ದು ನೋಡಿದೆ. ಛಲೋ ಆತು. ಮನಸ್ಸು ತಣ್ಣಗಾದ ಮ್ಯಾಲ ಮನಿಗೆ ಬಾ.” ನೋಡಿದೆ ಅಂದರೆ ಏನು? ಲೊಂಬಾರ್ಡ್ ಊರಿನ ನಮ್ಮ ಮನೆಯ ಸೋಫಾದಲ್ಲಿ ಕುಳಿತು, ನಿಮ್ಮ ಫೋನಿನ ನಕ್ಷೆಯಲ್ಲಿ ನನ್ನ ಫೋನಿನ ಚುಕ್ಕೆ ಸರಿಯುವುದನ್ನು ನೋಡಿದಿರಿ. ನಾನು ಮನೆ ಬಿಟ್ಟು, ನೇಪರ್‌ವಿಲ್‌ನಲ್ಲಿರುವ ನಮ್ಮವ್ವನ ಗೆಳತಿ ಶಿವಲಿಂಗಮ್ಮ ಆಂಟಿಯ ಮನೆ ಸೇರಿ ಆರು ವಾರವಾಯಿತು. ಅದಕ್ಕೂ ಮೊದಲು ಎರಡು ವರ್ಷ ಇದೇ ನಡೆದಿತ್ತು. ಹೈವೇಯ ಯಾವ ಎಕ್ಸಿಟ್‌ನಲ್ಲಿ ಇಳಿದೆ, ತರಕಾರಿ ಅಂಗಡಿಯಲ್ಲಿ ನಲವತ್ತು ನಿಮಿಷ ಏಕೆ ಬೇಕಾಯಿತು ಎಂದು ಕೇಳುತ್ತಿದ್ದಿರಿ. ಕಾಳಜಿ ಎಂದಿರಿ. ನಾನೂ ಪೆದ್ದಿ, ನಂಬಿದೆ.

ಈ ದೇಶಕ್ಕೆ ಬಂದ ವಾರ ನನ್ನನ್ನು ಫೋನಿನ ಅಂಗಡಿಗೆ ಕರೆದುಕೊಂಡು ಹೋದದ್ದು ನೆನಪಿದೆಯೇ? ನನಗೆ ಸೋಷಿಯಲ್ ಸೆಕ್ಯುರಿಟಿ ನಂಬರ್ ಇರಲಿಲ್ಲ, ಸಾಲ ತೆಗೆದು ತೀರಿಸಿದ ದಾಖಲೆ ಇರಲಿಲ್ಲ. ಕಂತಿನ ಫೋನು ನನ್ನ ಹೆಸರಿಗೆ ಸಿಗುವುದಿಲ್ಲ ಎಂದ ಅಂಗಡಿಯವನು. ನೀವು ತಡಮಾಡದೆ ನಿಮ್ಮ ಫ್ಯಾಮಿಲಿ ಪ್ಲಾನ್‌ಗೆ ನನ್ನನ್ನು ಸೇರಿಸಿದಿರಿ. ಹುಬ್ಬಳ್ಳಿಯ ಲ್ಯಾಬಿನಲ್ಲಿ ದುಡಿದು ನಾನೇ ಕೊಂಡಿದ್ದ ಫೋನನ್ನು, ನನ್ನನ್ನು ಒಂದು ಮಾತೂ ಕೇಳದೆ, ಎಕ್ಸ್‌ಚೇಂಜ್‌ಗೆಂದು ಮೇಜಿನ ಮೇಲಿಟ್ಟಿರಿ. ಹೊಸದು ಪುಕ್ಕಟೆ ಎಂದಿರಿ. ಪುಕ್ಕಟೆ ಎಂದರೆ ಮೂವತ್ತಾರು ತಿಂಗಳು ಆ ಪ್ಲಾನ್‌ನಲ್ಲೇ ಇರಬೇಕು, ನಡುವೆ ಬಿಟ್ಟರೆ ಉಳಿದ ಕಂತೆಲ್ಲ ಒಮ್ಮೆಗೇ ಕಟ್ಟಬೇಕು, ಅಲ್ಲಿಯವರೆಗೆ ಬೇರೆ ಸಿಮ್ ಅದರಲ್ಲಿ ನಡೆಯುವುದಿಲ್ಲ ಎಂದು ನನಗೆ ತಿಳಿದದ್ದು ಆಮೇಲೆ. ನೀವು ಕಟ್ಟಿದ್ದು ಮೂರು ಗಂಟು, ಅಂಗಡಿಯವನು ಕಟ್ಟಿದ್ದು ಮೂವತ್ತಾರು. ಕೊಟ್ಟವಳು ಕೋಡಂಗಿ, ಇಸ್ಕೊಂಡವ ಈರಭದ್ರ. ಆ ಹಳೆಯ ಫೋನಿನ ಮೂಲೆ ಒಡೆದಿತ್ತು ನಿಜ, ಆದರೆ ಅದು ನನ್ನದಾಗಿತ್ತು.

ಇಷ್ಟನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಸೆಪ್ಟೆಂಬರ್ ಎಂಟರದ್ದನ್ನು ನುಂಗಲಾರೆ. ಆವತ್ತು ಮಧ್ಯಾಹ್ನ ಎರಡಕ್ಕೆ ಆನ್ ಆರ್ಬರ್‌ನ ಆಸ್ಪತ್ರೆಯಿಂದ ಇಂಟರ್‌ವ್ಯೂ ಕರೆ ಬರುವುದು ನಿಮಗೆ ಗೊತ್ತಿತ್ತು. ಕೆಲಸದ ಪರವಾನಗಿ ಕೈಗೆ ಬಂದ ಮೇಲೆ ನನಗೆ ಬಂದ ಮೊದಲ ಕರೆ ಅದು. ಆಂಟಿಯ ಊಟದ ಮೇಜಿನ ಮುಂದೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ತೊಡೆಯ ಮೇಲೆ ಕಾಗದ ಹರಡಿಕೊಂಡು ಕುಳಿತಿದ್ದೆ. ಎರಡಾಯಿತು, ಎರಡೂವರೆಯಾಯಿತು. ಫೋನಿನಲ್ಲಿ ಸಿಗ್ನಲ್ಲೇ ಇಲ್ಲ. ಫೋನ್ ಕಂಪನಿಯವರನ್ನು ಆಂಟಿಯ ಫೋನಿನಿಂದ ಕೇಳಿದರೆ, ಖಾತೆಯ ಯಜಮಾನರು ಬೆಳಗ್ಗೆ ಈ ಲೈನ್ ನಿಲ್ಲಿಸಿದ್ದಾರೆ, ಅವರನ್ನೇ ಕೇಳಿ ಎಂದರು. ನಿಮ್ಮನ್ನು ಕೇಳಿದೆ. ನನಗೆ ಬುದ್ಧಿ ಬರಲಿ ಎಂದು ಎರಡು ದಿನ ನಿಲ್ಲಿಸಿದ್ದಾಗಿ, ನಾಚಿಕೆಯಿಲ್ಲದೆ, ಉಪಕಾರ ಮಾಡಿದವರ ಧ್ವನಿಯಲ್ಲಿ ಹೇಳಿದಿರಿ. ಆ ಧ್ವನಿ ಹಚ್ಚಿದ ಬೆಂಕಿ ಇನ್ನೂ ಆರಿಲ್ಲ.

ನನ್ನ ನಂಬರನ್ನಾದರೂ ಬಿಟ್ಟುಕೊಡಿ ಎಂದು ಆಮೇಲೆ ಮೂರು ಸಲ ಬೇಡಿದೆ. ಬ್ಯಾಂಕು, ಪರವಾನಗಿ, ಎಲ್ಲ ಕಡೆಯೂ ಅದೇ ನಂಬರ್. ಅದನ್ನು ಬೇರೆ ಸಿಮ್‌ಗೆ ಒಯ್ಯುವುದು ಖಾತೆಯ ಯಜಮಾನರು ಒಂದು ಪಿನ್ ಕೊಟ್ಟರೆ ಮುಗಿಯುವ ಕೆಲಸ. “ಮೊದಲ ಮನಿಗೆ ಬಾ, ಆಮ್ಯಾಲ ನಂಬರಿನ ಮಾತು” ಎಂದಿರಿ. ಈ ಪತ್ರದಲ್ಲೂ ಅದನ್ನೇ ಬೇಡುತ್ತೇನೆ ಎಂದುಕೊಂಡಿದ್ದರೆ, ಇಲ್ಲ. ಒಂದೊಂದೇ ಕಚೇರಿಗೆ ಬರೆದು ನಂಬರ್ ಬದಲಿಸಿಕೊಂಡಿದ್ದೇನೆ.

ಇಲ್ಲಿ ನಮ್ಮವರ ಪ್ರತಿ ಮನೆಯಲ್ಲೂ ಊರಿಗೆ ಒಯ್ದು ಯಾರಿಗಾದರೂ ಕೊಡಲೆಂದು ಹಳೆಯ ಫೋನುಗಳನ್ನು ಎತ್ತಿಟ್ಟಿರುತ್ತಾರಲ್ಲ? ಆಂಟಿಯ ಸೂಟ್‌ಕೇಸಿನಲ್ಲೂ ಒಂದಿತ್ತು, ಕಾಲುಚೀಲದಲ್ಲಿ ಸುತ್ತಿಟ್ಟದ್ದು. ಊರಿನ ಅವರ ಮನೆಯಲ್ಲಿ ಕಸಮುಸುರೆ ಮಾಡುವ ಸಾಕಮ್ಮನ ಮಗಳಿಗೆಂದು ತೆಗೆದಿಟ್ಟಿದ್ದರಂತೆ. “ಆ ಹುಡುಗಿಗೆ ಮುಂದಿನ ಸಲ ಕೊಟ್ಟರಾತು. ಈಗ ನೀ ಇಟ್ಟುಕೋ” ಎಂದರು. ನಗದು ಕೊಟ್ಟು ಪ್ರೀಪೇಯ್ಡ್ ಸಿಮ್ ತಂದು ಹಾಕಿದೆ. ಕಂತಿಲ್ಲ, ಯಜಮಾನರಿಲ್ಲ. ಹೆಸರೇನು ಎಂದು ಕೇಳಿದರು. ನನ್ನ ಹೆಸರು ಹೇಳಿದೆ, ಸಾಕಾಯಿತು.

ನಿಮ್ಮ ಫೋನನ್ನು ಆಂಟಿ ಈ ಪತ್ರದೊಂದಿಗೆ ಡಬ್ಬಿಯಲ್ಲಿಟ್ಟು ಕಳಿಸಿದ್ದಾರೆ. ಗಾಜು ಒಡೆದಿಲ್ಲ. ಇನ್ನು ಹನ್ನೊಂದು ಕಂತು ಉಳಿದಿವೆ, ನೀವೇ ಕಟ್ಟಿಕೊಳ್ಳಿ. ಬೇಕಾದರೆ ಅದನ್ನೂ ಎಕ್ಸ್‌ಚೇಂಜ್‌ಗೆ ಕೊಟ್ಟುಬಿಡಿ. ಕೊಡುವ ಮೊದಲು ಯಾರನ್ನೂ ಕೇಳುವ ಅಭ್ಯಾಸ ನಿಮಗಿಲ್ಲವಲ್ಲ.

ಇನ್ನೂ ಸಿಟ್ಟಿನಲ್ಲೇ ಇರುವ,
ಶಾಂಭವಿ

ಮರೆತ ಮಾತು: ಸೋಮವಾರ ಗುಡಿಗೆ ಹೋದದ್ದು ಫೋನು ಮಾತ್ರ, ಆಂಟಿಯ ಕೈಚೀಲದಲ್ಲಿ. ಎರಡು ವಾರದಿಂದ ಅದು ಅವರ ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿಯ ಪಕ್ಕ ಇತ್ತು. ನಿಮ್ಮ ಮೆಸೇಜುಗಳನ್ನು ಅವರೇ ನನಗೆ ಓದಿ ಹೇಳುತ್ತಿದ್ದರು. ಆಸ್ಪತ್ರೆಯವರಿಗೆ ನಡೆದದ್ದನ್ನು ಇದ್ದ ಹಾಗೆ ಬರೆದಿದ್ದೆ, ಆಂಟಿಯ ನಂಬರಿಗೆ ಮತ್ತೊಮ್ಮೆ ಕರೆ ಮಾಡಿದರು. ನೀವು ಚುಕ್ಕೆ ನೋಡಿ ಛಲೋ ಆತು ಎಂದ ಆ ಸಂಜೆ, ನಾನು ಇನ್ನೂರೈವತ್ತು ಮೈಲಿ ದೂರದ ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ಮೊದಲ ದಿನದ ಕೆಲಸ ಮುಗಿಸಿ ಕೈ ತೊಳೆಯುತ್ತಿದ್ದೆ.